ರೊಟ್ಟಿ ಬಿಡದೆ 12 ಕೆ.ಜಿ. ಇಳಿಸಿದ ಲೆಕ್ಕ

ಅರವತ್ತು ದಾಟಿದವರು ತೂಕ ಇಳಿಸಬೇಕೆಂದರೆ ಕಲಬುರಗಿಯಲ್ಲಿ ಎಲ್ಲರದೂ ಒಂದೇ ಮಾತು: "ಮೊದಲ ರೊಟ್ಟಿ ಬಿಡ್ರಿ." ನಾನು ಬಿಡಲಿಲ್ಲ. ಹೊತ್ತಿಗೆ ಎರಡೆರಡು ಜೋಳದ ರೊಟ್ಟಿ ತಿನ್ನುತ್ತಲೇ ಒಂದೂವರೆ ವರ್ಷದಲ್ಲಿ 88ರಿಂದ 76ಕ್ಕೆ ಬಂದೆ. "ಈ ವಯಸ್ಸಿನ್ಯಾಗ ಇಳಿಯಂಗಿಲ್ಲ" ಅಂದವರೇ ಈಗ ಲೆಕ್ಕ ಕೇಳುತ್ತಿದ್ದಾರೆ.

50 ಗ್ರಾಂ ಹಿಟ್ಟಿನ ಒಂದು ರೊಟ್ಟಿ 170 ಕ್ಯಾಲೊರಿ ಆಸುಪಾಸು. ತೊಂದರೆ ಅದರ ಪಕ್ಕದಲ್ಲಿ ಕೂತಿರುತ್ತದೆ. ಶೇಂಗಾ ಹಿಂಡಿ (ಚಟ್ನಿ ಪುಡಿ) ಎರಡು ದೊಡ್ಡ ಚಮಚವೆಂದರೆ 30 ಗ್ರಾಂ, ಅಂದರೆ 160. ಮೇಲೆ ಹಸಿ ಎಣ್ಣೆ ಹಾಕಿದರೆ ಸಣ್ಣ ಚಮಚಕ್ಕೆ 40. ಇನ್ನೊಂದು ರೊಟ್ಟಿಗಿಂತ ಜಾಸ್ತಿಯೇ ಆಯಿತು, ಹೊಟ್ಟೆ ಮಾತ್ರ ತುಂಬಲಿಲ್ಲ. ಅರ್ಧ ಶೇಂಗಾ, ಅರ್ಧ ಪುಟಾಣಿ ಹಾಕಿ ಕುಟ್ಟಿಸಿದರೆ ಹಗುರ, ಆದರೆ ಸಪ್ಪೆ. ಸಪ್ಪೆ ಹೋಗಲು ಮೂರನೆಯ ಸಾಮಾನೊಂದು ಬೀಳುತ್ತದೆ. ಅದು ಮನೆಯ ಗುಟ್ಟು, ಬರೆಯುವುದಿಲ್ಲ.

ಎಣ್ಣೆಯಲ್ಲೇ ಅರ್ಧ ಕೆಲಸ ಮುಗಿಯಿತು. ಇಬ್ಬರ ಮನೆಗೆ ತಿಂಗಳಿಗೆ 3 ಲೀಟರ್ ಕುಸುಬಿ ಎಣ್ಣೆ ಹೋಗುತ್ತಿತ್ತು, ಈಗ ಒಂದೂಕಾಲು. ಒಂದನೇ ತಾರೀಖು ಅಷ್ಟನ್ನೇ ಬಾಟಲಿಗೆ ಹಾಕಿ, ಹೊರಗೆ ನಾಲ್ಕು ವಾರದ ಗೆರೆ ಎಳೆಯಿರಿ. ಎಣ್ಣೆ ಕಡಿಮೆಯಾದರೆ ಪಲ್ಯ ತಳ ಹಿಡಿಯುತ್ತದೆ, ಎಲ್ಲರೂ ಕೈಬಿಡುವುದು ಇಲ್ಲೇ. ಎಂಟು ಸಣ್ಣ ಬದನೆಕಾಯಿಯ ಎಣಗಾಯಿಗೆ ನಾಲ್ಕು ಸಣ್ಣ ಚಮಚ ಎಣ್ಣೆ ಸಾಕು: ತುಂಬಿದ ಕಾಯಿ ಇಟ್ಟು, ಮೇಲೆ ತಾಟು ಮುಚ್ಚಿ, ತಾಟಿನೊಳಗೆ ನೀರು ಹಾಕಿ, ಸಣ್ಣ ಉರಿ. ಹಬೆ ತಾಟಿಗೆ ತಾಗಿ ಹನಿಯಾಗಿ ಮತ್ತೆ ಕೆಳಗೇ ಬೀಳುತ್ತದೆ, ಕಾಯಿ ತನ್ನ ನೀರಲ್ಲೇ ಬೇಯುತ್ತದೆ. ಎಣ್ಣೆಯ ದುಡ್ಡೂ ತಿಂಗಳಿಗೆ ಅರ್ಧಕ್ಕಿಂತ ಜಾಸ್ತಿ ಉಳಿತಾಯ.

ಚಹಾ ಬಿಡುವುದು ಬೇಡ. ನಾಲ್ಕು ಕಪ್ಪಿಗೆ ಎರಡೆರಡು ಚಮಚವೆಂದರೆ ದಿನಕ್ಕೆ 40 ಗ್ರಾಂ ಸಕ್ಕರೆ. ಹದಿನೈದು ದಿನಕ್ಕೊಮ್ಮೆ ಅರ್ಧ ಚಮಚ ಇಳಿಸಿದರೆ ನಾಲಿಗೆಗೆ ಗೊತ್ತಾಗುವುದಿಲ್ಲ. ಒಮ್ಮೆಲೇ ಬಿಟ್ಟವರು ವಾರದೊಳಗೆ ಮಿರ್ಚಿ ಭಜಿ ಬಂಡಿ ಮುಂದೆ ಸಿಗುತ್ತಾರೆ.

ದುಡ್ಡು ಹಾಳಾದದ್ದು ಎರಡು ಕಡೆ. ಊಟದ ಬದಲು ಕುಡಿಯುವ ಪೌಡರ್, ಡಬ್ಬಿಗೆ ಎರಡೂವರೆ ಸಾವಿರದ ಮೇಲೆ. ಮೂರು ಡಬ್ಬಿಗೆ ನಾಲ್ಕು ಕೆ.ಜಿ. ಇಳಿಯಿತು, ಜೊತೆಗೆ ತೊಡೆಯೂ ಸಣ್ಣಗಾಗಿ ನೆಲದಿಂದ ಏಳಲು ಗೋಡೆ ಬೇಕಾಯಿತು. ಈ ವಯಸ್ಸಿನಲ್ಲಿ ಬೇಗ ಇಳಿದರೆ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ. ಪೌಡರ್ ನಿಲ್ಲಿಸಿದ ಮೇಲೆ ತೂಕ ಬಂತು, ತೊಡೆ ಬರಲಿಲ್ಲ. ಎರಡನೆಯದು ಟ್ರೆಡ್‌ಮಿಲ್, ಅದರ ಮೇಲೆ ಈಗ ಅರಿವೆ ಒಣಗುತ್ತವೆ.

ಸ್ನಾಯು ಉಳಿಯಬೇಕಾದರೆ ತೂಕದ ಕೆ.ಜಿ.ಗೆ ಹೆಚ್ಚು ಕಡಿಮೆ ಒಂದು ಗ್ರಾಂ ಪ್ರೋಟೀನ್ ಬೇಕು (ಕಿಡ್ನಿ ತೊಂದರೆ ಇದ್ದವರು ಡಾಕ್ಟರ್ ಹೇಳಿದಷ್ಟೇ). 60 ಗ್ರಾಂ ತೊಗರಿಬೇಳೆಯಲ್ಲಿ 13, ಒಂದು ಮುಷ್ಟಿ ಮಡಕಿ ಕಾಳಿನಲ್ಲಿ 9, ಎರಡು ತತ್ತಿಯಲ್ಲಿ 12, ಹಾಲು-ಮೊಸರಿನಲ್ಲಿ 12-13, ನಾಲ್ಕು ರೊಟ್ಟಿಯಲ್ಲಿ 20. ಅದಕ್ಕೇ ರೊಟ್ಟಿ ಬಿಡಬಾರದು ಅನ್ನುವುದು. ಬೇಳೆ ಹಿಟ್ಟನ್ನೇ ಜೋಳದ ಹಿಟ್ಟಿಗೆ ಬೆರೆಸಿ ನೋಡಿದೆ: ಕಾಲು ಭಾಗ ದಾಟಿದರೆ ಅಂಚು ಸೀಳುತ್ತದೆ, ಬಡಿಯಲು ಬರುವುದಿಲ್ಲ. ಕಡಕ್ ರೊಟ್ಟಿ ತೂಗಿದರೆ ಹಗುರ ಕಾಣುತ್ತದೆ, ಹೋದದ್ದು ನೀರು. ಹಿಟ್ಟು ಅಷ್ಟೇ, ಎಣಿಕೆ ತಪ್ಪಿ ನಾಲ್ಕು ಒಳಗೆ ಹೋಗುತ್ತವೆ.

ವಾರಕ್ಕೆ ಮೂರು ದಿನ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಹತ್ತರಂತೆ ಮೂರು ಸಲ. ಮೊಣಕಾಲು ನೋಯುವವರು ಜಮಖಾನ ಮಡಚಿ ಹಾಕಿ ಕುರ್ಚಿ ಎತ್ತರಿಸಿಕೊಳ್ಳಿ, ತಿಂಗಳಿಗೊಂದು ಮಡಿಕೆ ತೆಗೆಯಿರಿ. ನಮ್ಮೂರ ಅಪ್ಪನ ಕೆರೆ ಸುತ್ತ ನಡಿಗೆ 20 ನಿಮಿಷದಿಂದ ಶುರುವಾಗಿ 45ಕ್ಕೆ ನಿಂತಿತು. ಮೇನಲ್ಲಿ ಬಿಸಿಲು 42 ದಾಟುತ್ತದೆ, ಬೆಳಿಗ್ಗೆ ಆರರೊಳಗೆ ಮನೆ ಸೇರಬೇಕು.

ಸಕ್ಕರೆ, ಬಿ.ಪಿ. ಗುಳಿಗೆ ನುಂಗುವವರು ಊಟ ಕಡಿಮೆ ಮಾಡುವ ಮೊದಲೇ ಡಾಕ್ಟರಿಗೆ ಹೇಳಿ. ಊಟ ಇಳಿದು ಗುಳಿಗೆ ಹಾಗೇ ಇದ್ದರೆ ಬೆವರು, ನಡುಕ, ತಲೆ ತಿರುಗುವುದು ಶುರುವಾಗಬಹುದು.

ತೂಕ ವಾರಕ್ಕೊಮ್ಮೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಕೂತು ಭಜ್ಜಿ ಪಲ್ಯ, ಸಜ್ಜೆ ರೊಟ್ಟಿ, ಹೋಳಿಗೆ ಉಂಡ ಮರುದಿನ ಮಾತ್ರ ಯಂತ್ರ ಹತ್ತಬೇಡಿ. ಒಂದೂವರೆ ಕೆ.ಜಿ. ಜಾಸ್ತಿ ತೋರಿಸುತ್ತದೆ, ಬಹುಪಾಲು ಉಪ್ಪು ಹಿಡಿದ ನೀರು, ನಾಲ್ಕೈದು ದಿನಕ್ಕೆ ತಾನೇ ಇಳಿಯುತ್ತದೆ.