ಓಆರ್‌ಎಸ್ ಹಾಳೆಯಲ್ಲಿ ಬಾಟಲಿಯನ್ನು ನಿಜ ಅಳತೆಯಲ್ಲೇ ಬರೆದ ನನ್ನ ಅನುಭವ

ರಾಯಚೂರು ಜಿಲ್ಲೆಯ ಹಳ್ಳಿಗಳಿಗಾಗಿ ಓಆರ್‌ಎಸ್ (ಭೇದಿಯಾದಾಗ ನೀರಿಗೆ ಕಲಸಿ ಕುಡಿಸುವ ಉಪ್ಪು-ಸಕ್ಕರೆಯ ಪುಡಿ) ಕಲಸುವ ವಿಧಾನದ ಹಾಳೆಯೊಂದನ್ನು ಸಿದ್ಧಪಡಿಸಲು ನನಗೆ ಹೆಚ್ಚುಕಡಿಮೆ ಎರಡು ವರ್ಷ ಹಿಡಿಯಿತು. ಅದನ್ನು ಎ3 ಅಳತೆಯಲ್ಲಿ ಅಚ್ಚು ಹಾಕಿಸಬೇಕೆಂದಾಗ ಕೆಲಸ ಒಪ್ಪಿಸಿದ್ದವರೂ ಮುದ್ರಕರೂ ದುಡ್ಡು ದಂಡವೆಂದೇ ಹೇಳಿದ್ದರು. ಅದೇ ಹಾಳೆ ಈಗ ಮೂರನೆಯ ಮುದ್ರಣಕ್ಕೆ ಹೋಗಿದೆ.

ಮೊದಲ ಹಾಳೆ ಎ5, ಅಂದರೆ ಎ3ಯ ಕಾಲು ಭಾಗದಷ್ಟು ಅಳತೆಯದು. 'ಸಂಪೂರ್ಣವಾಗಿ ಕರಗಿಸಿ 24 ಗಂಟೆಗಳೊಳಗಾಗಿ ಉಪಯೋಗಿಸತಕ್ಕದ್ದು' ಎಂಬಂಥ ವಾಕ್ಯಗಳನ್ನು ಒಡೆದು ಸರಳಗೊಳಿಸಿ, ಪಕ್ಕದಲ್ಲಿ ನಾಲ್ಕು ಅಚ್ಚುಕಟ್ಟಾದ ಚಿತ್ರಗಳನ್ನು ಕೂರಿಸಿ, ಎರಡು ಸಾವಿರ ಪ್ರತಿ ಮಾಡಿಸಿದೆ. ಸುಮಾರು ಒಂಬತ್ತು ಸಾವಿರ ರೂಪಾಯಿ ಅಲ್ಲಿಗೇ ಹೋಯಿತು. 'ಅರ್ಥವಾಯಿತೇ' ಎಂದು ಕೇಳಿದರೆ ಎಲ್ಲರೂ ತಲೆಯಾಡಿಸುತ್ತಿದ್ದರು. 'ಕಲಸಿ ತೋರಿಸಿ' ಎಂದಾಗ ಹತ್ತರಲ್ಲಿ ಆರೇಳು ಮಂದಿ ನೀರಿನ ಅಳತೆ ತಪ್ಪುತ್ತಿದ್ದರು. ಒಬ್ಬ ಅಜ್ಜಿ ಚಿತ್ರದ ಮೇಲೆ ಬೆರಳಿಟ್ಟು, "ಇದು ಸಣ್ಣ ಬಾಟ್ಲಿನೋ ದೊಡ್ಡದೋ, ಹೆಂಗ ಗೊತ್ತಾಗಬೇಕ್ರಿ?" ಎಂದು ಕೇಳಿದರು. ಅರ್ಧ ಲೀಟರಿನ ಬಾಟಲಿಗೂ ಒಂದು ಲೀಟರಿನದಕ್ಕೂ ಆಕಾರ ಒಂದೇ ಆಗಿರುವಾಗ, ಹೆಬ್ಬೆರಳಿನಷ್ಟು ಚಿತ್ರದಲ್ಲಿ ಆ ವ್ಯತ್ಯಾಸ ಕಾಣುವುದು ಸಾಧ್ಯವೇ ಇರಲಿಲ್ಲ. ಪೊಟ್ಟಣಗಳಲ್ಲೂ ಇದೇ ತೊಡಕು: ಒಂದು ಲೀಟರಿಗೆ ಹಾಕುವ ಸುಮಾರು 21 ಗ್ರಾಮಿನದೂ ಇದೆ, 200 ಮಿಲಿಲೀಟರಿಗೆ ಹಾಕುವ 4 ಗ್ರಾಮು ಚಿಲ್ಲರೆಯದೂ ಇದೆ. ದೊಡ್ಡದನ್ನು ಒಂದು ಲೋಟಕ್ಕೆ ಸುರಿದರೆ ಉಪ್ಪು ಮಿತಿಮೀರಿ ಮಗುವಿಗೆ ಅಪಾಯ. ಸಣ್ಣದನ್ನು ಲೀಟರಿಗೆ ಹಾಕಿದರೆ ಗುಣವೇ ಇಲ್ಲ.

ಗಾತ್ರ ತಿಳಿಯಲೆಂದು ಬಾಟಲಿಯ ಪಕ್ಕ ಕೈಯೊಂದನ್ನು ಬರೆದು ನೋಡಿದೆ. ಮಣಿಕಟ್ಟಿಗೇ ನಿಂತ ಆ ಕೈ ಕಡಿದ ಕೈಯಂತೆ ಕಂಡಿತು. ಹಾಲಿನ ಅರ್ಧ ಲೀಟರ್ ಪ್ಯಾಕೆಟ್ಟನ್ನು ಅಳತೆಯಾಗಿಸುವ ಪ್ರಯೋಗವನ್ನೂ ಮಾಡಿದೆ. ಮನೆಯಲ್ಲೇ ಎಮ್ಮೆ ಕಟ್ಟಿದವರು ಪ್ಯಾಕೆಟ್ ಹಾಲನ್ನು ಕೊಳ್ಳುವುದಿಲ್ಲವೆಂಬುದು ನನಗೆ ಆಮೇಲೆ ಹೊಳೆಯಿತು.

ಕೊನೆಗೆ ಒಂದು ಲೀಟರಿನ ಬಾಟಲಿಯನ್ನೂ ಅದಕ್ಕೆ ಹಾಕುವ ಪೊಟ್ಟಣವನ್ನೂ ಅವು ಇರುವಷ್ಟೇ ದೊಡ್ಡದಾಗಿ, ಬರಿಯ ದಪ್ಪ ಗೆರೆಯಲ್ಲಿ ಬರೆದೆ. ಹಾಳೆಯನ್ನು ನೆಲಕ್ಕೆ ಹಾಸಿ, ಮನೆಯಲ್ಲಿರುವ ಬಾಟಲಿಯನ್ನು ಚಿತ್ರದ ಮೇಲೆ ಮಲಗಿಸಿದರೆ ಸಾಕು. ಅರ್ಧ ಲೀಟರಿನದಾದರೆ ಗೆರೆಯ ಒಳಗೇ ಉಳಿಯುತ್ತದೆ. ಪೊಟ್ಟಣಕ್ಕೂ ಅದೇ ಪರೀಕ್ಷೆ. ಒಂದೊಂದು ಕಂಪನಿಯ ಬಾಟಲಿ ಒಂದೊಂದು ಆಕಾರದಲ್ಲಿದ್ದರೂ ಎಲ್ಲಕ್ಕೂ ಹೊಂದುವ ಗೆರೆಯನ್ನು ಹೇಗೆ ಹಿಡಿದೆನೆಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಮಾತು ಎರಡೇ ಸಾಲಿಗೆ ಇಳಿಯಿತು: 'ದೊಡ್ಡ ಪೊಟ್ಟಣಕ್ಕೆ ದೊಡ್ಡ ಬಾಟಲಿ ತುಂಬ ನೀರು. ನಾಳೆ ಇದೇ ಹೊತ್ತಿಗೆ ಉಳಿದಿದ್ದರೆ ಚೆಲ್ಲಿ.' ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸಿಗೆ ತಾಗದಂತೆ ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಟ್ಟೆ.

ಪ್ರತಿಯೊಂದಕ್ಕೆ ನಾಲ್ಕೂವರೆ ರೂಪಾಯಿಯಿದ್ದದ್ದು ಹನ್ನೊಂದರ ಹತ್ತಿರ ಬಂದಿತು. ಮೊದಲ ಐನೂರು ಪ್ರತಿಗಳ ಖರ್ಚನ್ನು ನಾನೇ ಹಾಕಿದೆ. ನಲವತ್ತು ಮನೆಗಳಲ್ಲಿ ಕಲಸಿಸಿ ನೋಡಿದಾಗ ಮೂವತ್ತೈದು ಮನೆಗಳಲ್ಲಿ ನೀರಿನ ಅಳತೆ ಸರಿಯಿತ್ತು. ಆ ಲೆಕ್ಕ ಕಂಡ ಮೇಲೆ ಬೆಲೆಯ ಮಾತನ್ನು ಯಾರೂ ಎತ್ತಲಿಲ್ಲ.

ಉಳಿದಿದ್ದ ದೋಷ ಮಡಿಕೆಯದು. ಆಶಾ ಕಾರ್ಯಕರ್ತೆಯರು ಹಾಳೆಯನ್ನು ನಾಲ್ಕಾಗಿ ಮಡಿಸಿ ಚೀಲದಲ್ಲಿಡುತ್ತಿದ್ದುದರಿಂದ ಪೊಟ್ಟಣದ ಗೆರೆ ಮಡಿಕೆಯಲ್ಲಿ ಸವೆದುಹೋಗುತ್ತಿತ್ತು. ಮೂರನೆಯ ಮುದ್ರಣದಲ್ಲಿ ಪೊಟ್ಟಣವನ್ನು ಮಡಿಕೆಯಿಂದ ನಾಲ್ಕು ಬೆರಳು ಆಚೆಗೆ ಸರಿಸಿದ್ದೇನೆ.