ಮೊದಲು ನೀರಿನ ಕಡೆಗೆ ಓಡಿ: ಆಟಿಸಂ ಇರುವ ಮಗುವಿನೊಡನೆ ಪರದೇಶಕ್ಕೆ ಹೊರಟವರಿಗೆ

ಧಾರವಾಡದ ಮಾಳಮಡ್ಡಿಯಲ್ಲಿರುವ ತವರುಮನೆಯ ಕಟ್ಟೆಯ ಮೇಲೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ಪ್ರತಿ ಬೇಸಿಗೆಯಲ್ಲಿ ನಾನು ಊರಿಗೆ ಬಂದ ಸುದ್ದಿ ತಿಳಿದ ಕೂಡಲೇ ಹುಬ್ಬಳ್ಳಿ, ಗದಗ, ಹಾವೇರಿಯ ಕಡೆಯಿಂದ ಅಮೆರಿಕಕ್ಕೆ ಹೊರಟ ಎಳೆಯ ದಂಪತಿಗಳು ಫೋನ್ ಮಾಡುತ್ತಾರೆ. ಕುಕ್ಕರ್ ಒಯ್ಯಬೇಕೆ, ಶೇಂಗಾ ಚಟ್ನಿಪುಡಿ ಬಿಡುತ್ತಾರೆಯೇ, ಬಾಡಿಗೆ ಮನೆಗೆ ಯಾವ ಕಾಗದ ಬೇಕು ಎಂದು ಕೇಳುತ್ತಾರೆ. ಕಾಗದಪತ್ರದ ಮಾತು ಒಂದೇ ಸಾಲಿನದು: ಮಗುವಿನ ಲಸಿಕೆಯ ದಾಖಲೆ ಮತ್ತು ಇಲ್ಲಿಯ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿಯೋ ಬೇರೆಡೆಯೋ ಮಾಡಿಸಿದ ತಪಾಸಣೆಯ ವರದಿಯನ್ನು ಇಂಗ್ಲಿಷಿನಲ್ಲಿ ಪಡೆದು ಕೈಚೀಲದಲ್ಲಿಟ್ಟುಕೊಳ್ಳಿ, ಹೋದ ಮೇಲೆ ಶಾಲೆಗೆ ಕೊಡಿ. ಆದರೆ ಇತ್ತೀಚೆಗೆ, ನನ್ನ ಮಗನಿಗೆ ಆಟಿಸಂ ಇದೆಯೆಂದು ಬಲ್ಲ ಕೆಲವರು ಎಲ್ಲ ಕೇಳಿ ಮುಗಿಸಿದ ಮೇಲೆ ದನಿ ತಗ್ಗಿಸುತ್ತಾರೆ: "ಅಕ್ಕಾರ, ನಮ್ಮ ಕೂಸಿಗೂ ಹಂಗ ಅದ. ಅಲ್ಲಿ ಹೆಂಗ?" ಈ ಬರಹ ಅವರಿಗಾಗಿ, ಮತ್ತು ಇದರಲ್ಲಿ ನಾನು ಹೇಳುವುದು ನೀರಿನ ವಿಷಯವೊಂದನ್ನೇ.

ನಮ್ಮ ಭಾಗದವರಿಗೆ ನೀರು ಅಂಜುವ ವಸ್ತುವಲ್ಲ, ಕಾಯುವ ವಸ್ತು. ಮಲಪ್ರಭೆಯ ನೀರು ಎಂಟು ದಿನಕ್ಕೊಮ್ಮೆ ನಲ್ಲಿಗೆ ಬರುತ್ತಿದ್ದ ಓಣಿಯಲ್ಲಿ ಬೆಳೆದ ನಾನು, ಟೆಕ್ಸಾಸಿನ ಡಲ್ಲಾಸ್ ಬಳಿ ಮನೆ ಹುಡುಕುವಾಗ ಬಾಲ್ಕನಿಯಿಂದ ಕೆರೆ ಕಾಣುವ ಮನೆಯೇ ಬೇಕೆಂದು ಹಟ ಹಿಡಿದು, ತಿಂಗಳಿಗೆ 60 ಡಾಲರ್ ಹೆಚ್ಚಿಗೆ ಬಾಡಿಗೆ ಕೊಟ್ಟೆ. ಅದು ಕೆರೆಯಲ್ಲ, ಮಳೆನೀರು ನಿಲ್ಲಲೆಂದು ಕಟ್ಟಡದವರು ತೋಡಿದ ಹೊಂಡ ಎಂಬುದಾಗಲಿ, ಅದರ ಸುತ್ತ ಬೇಲಿಯೇ ಇಲ್ಲವೆಂಬುದಾಗಲಿ ನನ್ನ ತಲೆಗೆ ಹೋಗಲಿಲ್ಲ. ಸಾಧನಕೇರಿಯ ಹಾಗೆಯೇ ಇದೆ ನೋಡು ಎಂದು ಅವ್ವನಿಗೆ ಫೋಟೋ ಬೇರೆ ಕಳಿಸಿದೆ. ಮಗನಿಗೆ ಆಗ ನಾಲ್ಕು ವರ್ಷ, ಮಾತು ಬಂದಿರಲಿಲ್ಲ. ನೀರಿನ ಮೇಲೆ ಬಿಸಿಲು ನಡುಗುವುದನ್ನು ಅವನು ಬಾಲ್ಕನಿಯ ಸರಳು ಹಿಡಿದುಕೊಂಡು ಗಂಟೆಗಟ್ಟಲೆ ನೋಡುತ್ತಿದ್ದ. ಎಷ್ಟು ಶಾಂತನಾಗುತ್ತಾನೆ ಎಂದು ನಾವಿಬ್ಬರೂ ಸಂತೋಷಪಟ್ಟೆವು. ಆ ಸಂತೋಷವನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಇಂಥ ಮಕ್ಕಳಲ್ಲಿ ಅನೇಕರನ್ನು ನೀರು ಸೆಳೆಯುತ್ತದೆ. ಅದರ ಹೊಳಪು, ಒಂದೇ ಲಯದ ಸಪ್ಪಳ, ಮೈಯನ್ನು ಎಲ್ಲ ಕಡೆಯಿಂದಲೂ ಸಮನಾಗಿ ಒತ್ತಿ ಹಿಡಿಯುವ ಗುಣ ಅವರಿಗೆ ನೆಮ್ಮದಿ ಕೊಡುತ್ತವೆ, ಆಳದ ಭಯ ಮಾತ್ರ ಹಲವರಲ್ಲಿ ಇರುವುದಿಲ್ಲ. ಇದರ ಜೊತೆಗೆ ಹೇಳದೆ ಕೇಳದೆ ಮನೆಯಿಂದ ಹೊರಟುಬಿಡುವ ರೂಢಿ ಸೇರಿಕೊಳ್ಳುತ್ತದೆ. ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ, ಆಟಿಸಂ ಇರುವ ಮಕ್ಕಳಲ್ಲಿ ಶೇ 49ರಷ್ಟು ಮಂದಿ ನಾಲ್ಕು ವರ್ಷ ದಾಟಿದ ಮೇಲೂ ಒಮ್ಮೆಯಾದರೂ ಹೀಗೆ ಹೊರಡಲು ಯತ್ನಿಸಿದವರು. ಆತಂಕವಾಗುವಷ್ಟು ಹೊತ್ತು ಕಾಣೆಯಾದವರಲ್ಲಿ ಶೇ 24ರಷ್ಟು ಮಕ್ಕಳು ಮುಳುಗುವ ಅಪಾಯಕ್ಕೆ ಸಿಕ್ಕಿದ್ದರು. ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಹೇಳಿದ ಲೆಕ್ಕ ಇನ್ನೂ ಕಠೋರವಾದುದು. 15 ವರ್ಷದೊಳಗಿನ ಈ ಮಕ್ಕಳು ಮುಳುಗಿ ಸಾಯುವ ಸಂಭವ ಉಳಿದ ಮಕ್ಕಳಿಗಿಂತ 160 ಪಟ್ಟು ಹೆಚ್ಚು. ನಾನು ಈ ಅಂಕಿಗಳನ್ನು ಓದಿದ್ದು, ಓದಲೇಬೇಕಾದ ಗತಿ ಬಂದ ಮೇಲೆ.

ಮಗನಿಗೆ ಐದು ತುಂಬಿದ ವರ್ಷ, ಪರಿಚಯದವರ ಹೊಸ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆವು. ಸತ್ಯನಾರಾಯಣ ಪೂಜೆ ಮುಗಿದು, ಹೋಳಿಗೆಯ ಮೇಲೆ ತುಪ್ಪ ಬೀಳುತ್ತಿದ್ದ ಹೊತ್ತು; ಮೂವತ್ತು ಮಂದಿ ದೊಡ್ಡವರು, ಎಲ್ಲರೂ ನಮ್ಮ ಕಡೆಯವರೇ. ಇಷ್ಟು ಜನರ ನಡುವೆ ಮಗು ಎಲ್ಲಿ ಹೋದೀತು ಎಂಬ ಧೈರ್ಯದಲ್ಲಿ ನಾನು ಅವನ ಕೈ ಬಿಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಅವನು ಕಾಣಲಿಲ್ಲ. ಅವನಿಗೆ ಇಕ್ಕಟ್ಟಾದ ಮೂಲೆಗಳು ಇಷ್ಟವೆಂದು ಮಹಡಿ ಹತ್ತಿದೆ, ಮಂಚದ ಕೆಳಗೆ ಬಗ್ಗಿ ನೋಡಿದೆ, ಬಟ್ಟೆಯ ಕಪಾಟುಗಳನ್ನೆಲ್ಲ ತೆರೆದೆ. ಕೆಳಗೆ, ಇಂಗ್ಲಿಷ್ ಬೆರೆತ ಹರಟೆಯಿಂದ ದೂರವಾಗಿ, ಹಿತ್ತಲ ಗಾಜಿನ ಬಾಗಿಲ ಬಳಿ ಒಬ್ಬರೇ ಕುಳಿತಿದ್ದ ರಾಣೆಬೆನ್ನೂರಿನ ಅಜ್ಜಿಯೊಬ್ಬರು ಕೂಗಿ ಹೇಳಿದರು: "ಯವ್ವಾ, ನಿನ್ನ ಕೂಸಿನ ಒಂದು ಬೂಟು ಇಲ್ಲೈತಿ. ಇನ್ನೊಂದು ಎಲ್ಲೈತಿ?"

ಇನ್ನೊಂದು ಬೂಟು ಈಜುಕೊಳದ ಅಂಚಿನಲ್ಲಿತ್ತು. ಮಗ ಕೊಳದ ಮೂರನೆಯ ಮೆಟ್ಟಿಲ ಮೇಲೆ, ಗದ್ದದವರೆಗಿನ ನೀರಿನಲ್ಲಿ, ತನ್ನ ಬೆರಳು ಎಬ್ಬಿಸುತ್ತಿದ್ದ ಅಲೆಯನ್ನು ನೋಡುತ್ತ ನಿಂತಿದ್ದ. ಅದರಾಚೆ ಮೆಟ್ಟಿಲಿರಲಿಲ್ಲ. ಅವನು ಅಳುತ್ತಿರಲಿಲ್ಲ, ಕೂಗುತ್ತಿರಲಿಲ್ಲ, ನಾನು ಬಾಚಿ ಎತ್ತಿಕೊಂಡಾಗ ಮಾತ್ರ ಕಿರುಚಿದ.

ಆದ್ದರಿಂದ ಮೊದಲ ಮಾತು ಇದು. ಮಗು ಕಾಣದಿದ್ದರೆ ಮಂಚದ ಕೆಳಗೆ ನೋಡಬೇಡಿ, ಮೊದಲು ನೀರಿನ ಕಡೆಗೆ ಓಡಿ. ಕೋಣೆಯಲ್ಲಿ ಅಡಗಿರುವ ಮಗು ಹತ್ತು ನಿಮಿಷದ ಮೇಲೂ ಅಲ್ಲಿಯೇ ಇರುತ್ತದೆ. ನೀರಿಗಿಳಿದ ಮಗುವಿಗೆ ಆ ಹತ್ತು ನಿಮಿಷ ಇರುವುದಿಲ್ಲ. ಮುಳುಗುವವರು ಕೈ ಬೀಸುತ್ತಾರೆ, ಕೂಗುತ್ತಾರೆ ಎಂದು ನಾವು ಸಿನಿಮಾದಲ್ಲಿ ನೋಡಿದ್ದೇವೆ, ಆದರೆ ಉಸಿರಿಗೇ ತತ್ವಾರವಾದಾಗ ದನಿ ಏಳುವುದಿಲ್ಲ, ಸಣ್ಣ ಮಗು ಒಂದು ನಿಮಿಷದೊಳಗೆ ಸದ್ದಿಲ್ಲದೆ ಮುಳುಗಬಲ್ಲದು. ಒಬ್ಬರು ನೀರಿನ ಕಡೆಗೆ ಓಡುವಾಗಲೇ ಇನ್ನೊಬ್ಬರು ಅಲ್ಲಿಯ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ, ಮಗುವಿಗೆ ಆಟಿಸಂ ಇದೆ, ನೀರೆಂದರೆ ಇಷ್ಟ, ಕರೆದರೆ ಓಗೊಡುವುದಿಲ್ಲ ಎಂದು ಹೇಳಲಿ.

ಎರಡನೆಯದು, ಮೂವತ್ತು ಮಂದಿಯ ಧೈರ್ಯ. ಊರಲ್ಲಿ ಓಣಿಯೇ ನಮ್ಮ ಬೇಲಿಯಾಗಿತ್ತು. ಹುಡುಗನೊಬ್ಬ ಕೆಲಗೇರಿ ಕೆರೆಯ ದಾರಿ ಹಿಡಿದರೆ ಅವನು ಯಾರ ಮಗ, ಏಕೆ ಒಬ್ಬನೇ ಹೊರಟಿದ್ದಾನೆ ಎಂದು ಕೇಳಿ, ಕಿವಿ ಹಿಂಡಿ ಮನೆಗೆ ತಂದು ಬಿಡುವವರು ನಾಲ್ಕು ಹೆಜ್ಜೆಗೊಬ್ಬರಿದ್ದರು. ಅದನ್ನೇ ನಂಬಿಕೊಂಡು ಬೆಳೆದ ನಾವು, ಜನ ಕಂಡಲ್ಲೆಲ್ಲ ಓಣಿ ಇದೆಯೆಂದು ಭ್ರಮಿಸುತ್ತೇವೆ. ಆ ಗೃಹಪ್ರವೇಶದಲ್ಲಿ ಎಲ್ಲರೂ ಯಾರಾದರೂ ನೋಡುತ್ತಿರುತ್ತಾರೆ ಎಂದುಕೊಂಡಿದ್ದರು. ನಿಜವಾಗಿ ನೋಡುತ್ತಿದ್ದವರು, ಮಾತಿಗೆ ಜೊತೆ ಸಿಗದೆ ಬಾಗಿಲ ಬಳಿ ಕುಳಿತ ಮುದುಕಿ ಒಬ್ಬರೇ. ಈಗ ನಮ್ಮ ಗುಂಪಿನ ಕೂಟಗಳಲ್ಲಿ ನೀರಿದ್ದರೆ ಒಬ್ಬರ ಕೊರಳಿಗೆ ಸೀಟಿ ಹಾಕುತ್ತೇವೆ; ಹದಿನೈದು ನಿಮಿಷ ಅವರು ಫೋನ್ ಮುಟ್ಟುವಂತಿಲ್ಲ, ತಟ್ಟೆ ಹಿಡಿಯುವಂತಿಲ್ಲ, ಆ ಬಳಿಕ ಸೀಟಿ ಮತ್ತೊಬ್ಬರ ಕೊರಳಿಗೆ ಹೋಗುತ್ತದೆ. ಮೊದಮೊದಲು ಗಂಡಸರು ನಕ್ಕರು. ನಗಲಿ.

ಮನೆ ಹಿಡಿಯುವಾಗ ಸುತ್ತಲಿನ ನೀರನ್ನು ನಕ್ಷೆಯಲ್ಲಿ ನೋಡಿ, ಕಾಲ್ನಡಿಗೆಯಲ್ಲಿಯೂ ನೋಡಿ. ಕೊಳವಿದ್ದರೆ ಬೇಲಿ ನಾಲ್ಕೂ ಕಡೆಗೆ ಇರಬೇಕು, ಕನಿಷ್ಠ ನಾಲ್ಕು ಅಡಿ ಎತ್ತರವಿರಬೇಕು, ಬಾಗಿಲು ತಾನಾಗಿಯೇ ಮುಚ್ಚಿಕೊಂಡು ಚಿಲಕ ಬೀಳಬೇಕು. ಮನೆಯ ಗೋಡೆಯನ್ನೇ ನಾಲ್ಕನೆಯ ಬೇಲಿ ಎಂದು ಲೆಕ್ಕ ಹಿಡಿಯುವುದು ಮೋಸ, ಏಕೆಂದರೆ ನಿಮ್ಮ ಮಗು ಬರುವುದು ಮನೆಯೊಳಗಿನಿಂದಲೇ. ಹೊರಬಾಗಿಲುಗಳಿಗೆ ತೆರೆದೊಡನೆ ಸದ್ದು ಮಾಡುವ ಅಲಾರಂ ಹಾಕಿ, ಮೇಲೊಂದು ಚಿಲಕ ಹಾಕಿ, ಆದರೆ ಬೆಂಕಿ ಬಿದ್ದರೆ ದೊಡ್ಡವರು ತಕ್ಷಣ ತೆರೆಯುವಂತಿರಲಿ. ಸ್ನಾನವಾದ ಮೇಲೆ ಟಬ್ಬಿನಲ್ಲಿ ನೀರು ಉಳಿಸಬೇಡಿ. ಬಕೆಟ್ ತುಂಬಿಡದಿದ್ದರೆ ನಿದ್ದೆ ಬಾರದ ನಮ್ಮ ಧಾರವಾಡದ ರೂಢಿಯನ್ನು ವಿಮಾನ ಹತ್ತುವ ಮೊದಲೇ ಬಿಟ್ಟು ಹೋಗಿ.

ಈಜು ಕಲಿಸಲೇಬೇಕು, ಅದಕ್ಕಾಗಿ ಮಾತು ಬರಲಿ ಎಂದು ಕಾಯಬೇಡಿ. ಇಲ್ಲಿ ನಾನು ಮಾಡಿದ ತಪ್ಪೆಂದರೆ, ಒಂದೇ ಕೊಳದಲ್ಲಿ, ಒಂದೇ ನೀಲಿ ಕನ್ನಡಕ ಹಾಕಿಸಿ, ತೋಳಿಗೆ ಗಾಳಿಚೀಲ ಕಟ್ಟಿ ಆರು ತಿಂಗಳು ಕಲಿಸಿದ್ದು. ಅವನು ಕಲಿತದ್ದು ಈಜನ್ನಲ್ಲ, ಆ ಕೊಳವನ್ನು ಮತ್ತು ಗಾಳಿಚೀಲ ತನ್ನನ್ನು ತೇಲಿಸುತ್ತದೆ ಎಂಬ ಸುಳ್ಳನ್ನು. ಹೊಸ ಶಿಕ್ಷಕಿ ಚೀಲ ಬಿಚ್ಚಿಸಿ, ಅಂಗಾತ ತೇಲುವುದನ್ನು, ತಿರುಗಿ ಅಂಚು ಹಿಡಿಯುವುದನ್ನು ಚಿತ್ರ ತೋರಿಸಿ ಕಲಿಸಿದರು, ಕೊನೆಗೆ ಅಂಗಿ ಚಡ್ಡಿ ಬೂಟಿನ ಸಮೇತ ಇಳಿಸಿದರು, ಏಕೆಂದರೆ ಆಕಸ್ಮಿಕವಾಗಿ ಬೀಳುವವರು ಈಜುಡುಗೆ ತೊಟ್ಟು ಬೀಳುವುದಿಲ್ಲ. ದೋಣಿಯಲ್ಲಿ, ಕೆರೆಯ ದಡದಲ್ಲಿ ಅಳತೆಗೆ ಸರಿಯಾದ ಲೈಫ್ ಜಾಕೆಟ್ಟೇ ಬೇಕು. ನೀವಿಬ್ಬರೂ ಸಿಪಿಆರ್ (ಉಸಿರು, ಎದೆಬಡಿತ ನಿಂತವರಿಗೆ ಮಾಡುವ ತುರ್ತು ಉಪಚಾರ) ಕಲಿಯಿರಿ, ಮುಳುಗಿದವರಿಗೆ ಎದೆ ಒತ್ತುವುದರ ಜೊತೆ ಬಾಯಿಂದ ಉಸಿರು ಕೊಡುವುದೂ ಅವಶ್ಯವೆಂಬುದನ್ನು ಕೇಳಿ ತಿಳಿದುಕೊಳ್ಳಿ. ಈಜು ಬಂದ ಮಗುವನ್ನೂ ಕೈಯಳತೆಯಲ್ಲಿಯೇ ಇಟ್ಟುಕೊಳ್ಳಿ.

ಇಷ್ಟೆಲ್ಲ ಬರೆದರೂ ನನ್ನ ದೊಡ್ಡ ತಪ್ಪನ್ನು ಇನ್ನೂ ಬರೆದಿಲ್ಲ. ಆ ಮೂವತ್ತು ಮಂದಿಯಲ್ಲಿ ಒಬ್ಬರಿಗೂ ನನ್ನ ಮಗನಿಗೆ ಆಟಿಸಂ ಇದೆಯೆಂದು ಗೊತ್ತಿರಲಿಲ್ಲ. ನಾವು ಮುಚ್ಚಿಟ್ಟಿದ್ದೆವು. ಸುದ್ದಿ ಧಾರವಾಡಕ್ಕೆ ಮುಟ್ಟೀತು, ನಾಳೆ ನಾದಿನಿಯ ಮದುವೆಯ ಮಾತಿಗೆ ಅಡ್ಡ ಬಂದೀತು ಎಂದು "ಸ್ವಲ್ಪ ಮಾತು ತಡ" ಎಂದಷ್ಟೇ ಹೇಳುತ್ತಿದ್ದೆವು. ಗೊತ್ತಿದ್ದರೆ ಆ ಮನೆಯವರು ಗಾಜಿನ ಬಾಗಿಲಿಗೆ ಚಿಲಕ ಹಾಕುತ್ತಿದ್ದರು. ಅಮೆರಿಕದಲ್ಲಿ ಕೆವಿನ್ ಮತ್ತು ಅವಾಂಟೆ ಎಂಬ ಇಬ್ಬರು ಹುಡುಗರ ಹೆಸರಿನಲ್ಲಿ 2018ರಲ್ಲಿ ಒಂದು ಕಾನೂನೇ ಬಂದಿದೆ. 9 ವರ್ಷದ ಕೆವಿನ್ 2008ರಲ್ಲಿ ಅಯೋವಾದ ನದಿಯಲ್ಲಿ ಮುಳುಗಿದ, 14 ವರ್ಷದ ಅವಾಂಟೆ 2013ರಲ್ಲಿ ನ್ಯೂಯಾರ್ಕಿನ ಶಾಲೆಯಿಂದ ಹೊರಟವನು ಮರುವರ್ಷ ನದಿಯಲ್ಲಿ ಹೆಣವಾಗಿ ಸಿಕ್ಕ. ಮಕ್ಕಳನ್ನು ಪತ್ತೆ ಹಚ್ಚುವ ಸಾಧನಗಳಿಗೆ, ಪೊಲೀಸರ ತರಬೇತಿಗೆ ಆ ಕಾನೂನಿನಡಿ ಹಣ ಸಿಗುತ್ತದೆ. ಆದರೆ ಪಕ್ಕದ ಮನೆಯವರಿಗೆ ನಿಮ್ಮ ಬಾಯಿಂದ ಹೇಳಿಸುವ ಕಾನೂನಿಲ್ಲ. ಅಲ್ಲಿಗೆ ಹೋಗಿ ಇಳಿದ ವಾರದಲ್ಲಿಯೇ ಎಡಬಲದ ಮನೆಗಳ ಬಾಗಿಲು ತಟ್ಟಿ, ಮಗುವಿನ ಫೋಟೋ ಮತ್ತು ನಿಮ್ಮ ಫೋನ್ ನಂಬರ್ ಕೊಟ್ಟು ಬನ್ನಿ. ನಾಚಿಕೆಯಾಗುತ್ತದೆ, ನನಗೂ ಆಯಿತು.

ಊರಿಗೆ ಬಂದಾಗ ಇದೆಲ್ಲ ಮರೆಯುತ್ತದೆ, ಅದೂ ನನಗೆ ಆದದ್ದೇ. ಹೋದ ವರ್ಷ ಇದೇ ಮನೆಯಲ್ಲಿ ರಾತ್ರಿ ಎರಡಕ್ಕೆ "ನೀರು ಬಂತು" ಎಂಬ ಕೂಗು ಎದ್ದಿತು; ಎಲ್ಲರೂ ಪೈಪು, ಬ್ಯಾರಲ್ ಎಂದು ಓಡಾಡುವಾಗ, ಎಷ್ಟು ತುಂಬಿತು ನೋಡಲೆಂದು ತೆಗೆದ ಸಂಪಿನ ಮುಚ್ಚಳ ತೆಗೆದೇ ಇತ್ತು. ನೀರಿನ ಸದ್ದಿಗೆ ಎದ್ದು ಬಂದ ಮಗ ಅದರ ಬಾಯಿಯ ಬಳಿ ಮೊಣಕಾಲೂರಿ ಕುಳಿತು ಒಳಗೆ ಬಗ್ಗಿದ್ದ. ಟೆಕ್ಸಾಸಿನಲ್ಲಿ ಪ್ರತಿ ಬಾಗಿಲಿಗೆ ಅಲಾರಂ ಹಾಕಿದವಳು ತವರುಮನೆಯ ಸಂಪನ್ನು ನೀರೆಂದೇ ಎಣಿಸಿರಲಿಲ್ಲ.

ಅವ್ವ ಇಂದಿಗೂ ಆಟಿಸಂ ಎಂಬ ಶಬ್ದವನ್ನು ಬಾಯಿಂದ ಆಡುವುದಿಲ್ಲ. ಈ ಸಲ ನಾನು ಬರುವಷ್ಟರಲ್ಲಿ ಸುಭಾಸ ರಸ್ತೆಯಿಂದ ಕೀಲಿ ತರಿಸಿ ಸಂಪಿನ ಮುಚ್ಚಳಕ್ಕೆ ಹಾಕಿಸಿದ್ದಾಳೆ, ಎದುರುಮನೆಯವರಿಗೂ ಪಕ್ಕದ ಕಿರಾಣಿ ಅಂಗಡಿಯವನಿಗೂ "ನಮ್ಮ ಮೊಮ್ಮಗ ನೀರು ಕಂಡರ ನಿಲ್ಲೂದಿಲ್ಲ, ಕಣ್ಣಿಡ್ರಿ" ಎಂದು ಹೇಳಿಟ್ಟಿದ್ದಾಳೆ. ನಿನ್ನೆ ರಾತ್ರಿ ನೀರು ಬಂದಾಗ ಮುಚ್ಚಳ ತೆಗೆದು, ಅದರ ಪಕ್ಕದಲ್ಲಿಯೇ ಮಣೆ ಹಾಕಿಕೊಂಡು, ಮೊಮ್ಮಗನ ಮಣಿಕಟ್ಟು ಹಿಡಿದು ಇಬ್ಬರೂ ನೀರು ಏರುವುದನ್ನು ನೋಡುತ್ತ ಕುಳಿತಿದ್ದರು. ತುಂಬಿದ ಮೇಲೆ ಕೀಲಿ ಹಾಕಿ, ಕೀಲಿಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.