ಯಂತ್ರಕ್ಕೆ ಸಬ್ಸಿಡಿ ಇದೆ, ತೊಗರಿಗೆ ಇಲ್ಲ

ಆಳಂದ ತಾಲ್ಲೂಕಿನಲ್ಲಿ ಸಣ್ಣ ದಾಲ್ ಮಿಲ್ ಹಾಕುತ್ತೇನೆ ಎಂದಾಗ ಎಲ್ಲರೂ ಕೇಳಿದ್ದು ಸಬ್ಸಿಡಿ ಎಷ್ಟು ಎಂದು. ತೊಗರಿ ಕೊಳ್ಳಲು ದುಡ್ಡೆಲ್ಲಿದೆ ಎಂದು ಕೇಳಿದವರು ಎಪಿಎಂಸಿಯ ಹಿರಿಯ ಅಡತಿ ವ್ಯಾಪಾರಿಯೊಬ್ಬರು ಮಾತ್ರ.

ಪ್ರಾದೇಶಿಕ ಅಸಮಾನತೆ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ನಮ್ಮ ಕಲಬುರಗಿ ವಿಭಾಗದವು, ಆಳಂದವೂ ಅವುಗಳಲ್ಲೊಂದು. ರಾಜ್ಯದ ಕೈಗಾರಿಕಾ ನೀತಿಗಳು ಈ ಕಾರಣಕ್ಕೇ ನಮ್ಮ ಭಾಗಕ್ಕೆ ಹೆಚ್ಚಿನ ರಿಯಾಯಿತಿ ಕೊಡುತ್ತ ಬಂದಿವೆ. ನಾನು ಹಿಡಿದದ್ದು ಪಿಎಂಎಫ್‌ಎಂಇ, ಅಂದರೆ ಕಿರು ಆಹಾರ ಸಂಸ್ಕರಣಾ ಘಟಕಗಳಿಗೆ ನೆರವಾಗುವ ಕೇಂದ್ರದ ಯೋಜನೆಯ ದಾರಿ. ‘ಒಂದು ಜಿಲ್ಲೆ ಒಂದು ಉತ್ಪನ್ನ’ದಲ್ಲಿ ಕಲಬುರಗಿಯ ಪಾಲಿಗೆ ಬಂದದ್ದು ತೊಗರಿಯೇ. ಯೋಜನಾ ವೆಚ್ಚದಲ್ಲಿ ಕೇಂದ್ರದ ಸಹಾಯಧನ ಶೇ 35, ರಾಜ್ಯದ್ದು ಶೇ 15, ಒಟ್ಟು ಗರಿಷ್ಠ 15 ಲಕ್ಷ ರೂಪಾಯಿ. ಭೂಮಿಯ ಬೆಲೆ ಲೆಕ್ಕಕ್ಕಿಲ್ಲ. ಈ ಹಣ ಕೈಗೆ ಬರುವುದೂ ಇಲ್ಲ. ಸಾಲಕ್ಕೆ ಜೋಡಿಸಿದ ಖಾತೆಯಲ್ಲಿ 3 ವರ್ಷ ಕೂತಿದ್ದು, ಕಂತು ಸರಿಯಾಗಿ ಕಟ್ಟಿದವರಿಗೆ ಮಾತ್ರ ಸಾಲಕ್ಕೆ ಜಮೆಯಾಗುತ್ತದೆ.

ಭೂಪರಿವರ್ತನೆ, ಪಂಚಾಯಿತಿ ಪರವಾನಗಿ, ಜೆಸ್ಕಾಂನ ವಿದ್ಯುತ್ ಸಂಪರ್ಕ ಇವೆಲ್ಲ ತಾಳ್ಮೆಯ ಕೆಲಸ, ಆಗುತ್ತವೆ. ಮಿಲ್ಲಿನ ಅಳಿವು ಉಳಿವು ಇರುವುದು ದುಡಿಯುವ ಬಂಡವಾಳದಲ್ಲಿ, ಅಂದರೆ ಕಾಳು ಕೊಳ್ಳುವ ದುಡ್ಡಿನಲ್ಲಿ. ತೊಗರಿ ಮಾರುಕಟ್ಟೆಗೆ ರಾಶಿಯಾಗಿ ಬರುವುದು ಡಿಸೆಂಬರ್ ಕೊನೆಯಿಂದ ಎರಡು ಮೂರು ತಿಂಗಳು. ಆಗ ಕೊಂಡಿಟ್ಟವನು ವರ್ಷವಿಡೀ ಮಿಲ್ ಓಡಿಸುತ್ತಾನೆ. ವಾರವಾರ ಕೊಳ್ಳುವವನು ದೊಡ್ಡ ಮಿಲ್ಲುಗಳ ದರದ ಹಿಂದೆ ಓಡುತ್ತಾನೆ. ಯಂತ್ರಕ್ಕೆ ಸುಲಭವಾಗಿ ಸಾಲ ಕೊಟ್ಟ ಬ್ಯಾಂಕ್, ಕಾಳಿಗೆ ಕೇಳಿದಾಗ ಮನೆಯ ಪತ್ರ ಕೇಳಿತು.

ಪತ್ರ ನಾನು ಕೊಡಲಿಲ್ಲ. ಮೊದಲ ವರ್ಷ ಕೂಲಿ ಬೇಳೆಯಲ್ಲೇ ಮಿಲ್ ನಡೆಸಿದೆ. ರೈತರು ತಮ್ಮದೇ ತೊಗರಿ ತರುತ್ತಿದ್ದರು. ರೋಲರಿನಲ್ಲಿ ಗೀರು ಹಾಕಿ, ಎಣ್ಣೆ ಹಚ್ಚಿ, ಬಿಸಿಲಿಗೆ ಒಣಗಿಸಿ, ಒಡೆದು ಕೊಟ್ಟು ಕ್ವಿಂಟಲ್ ಲೆಕ್ಕದಲ್ಲಿ ಕೂಲಿ ಪಡೆಯುತ್ತಿದ್ದೆ. ಲಾಭ ತೆಳು, ಆದರೆ ನನ್ನ ದುಡ್ಡು ಕಾಳಿನಲ್ಲಿ ಸಿಕ್ಕಿಬೀಳಲಿಲ್ಲ. ಕರೆಂಟ್ ಬಿಲ್, ಆಳುಗಳ ಸಂಬಳ ಹೊರಟವು. ಹೊಟ್ಟು, ನುಚ್ಚು ಹೈನುಗಾರರಿಗೆ ಹೋಯಿತು. ಮುಂದಿನ ಸುಗ್ಗಿಯಲ್ಲಿ ಕೊಂಡದ್ದನ್ನು ಮಾನ್ಯತೆ ಪಡೆದ ಉಗ್ರಾಣದಲ್ಲಿಟ್ಟು, ಅದರ ರಸೀದಿಯ ಮೇಲೆ ಅಡಮಾನ ಸಾಲ ತೆಗೆದೆ. ಮನೆಯ ಪತ್ರ ಮನೆಯಲ್ಲೇ ಉಳಿಯಿತು.

ಒಂದು ಸರ್ಕಾರಿ ಕೈ ಮಿಲ್ ಕಟ್ಟು ಎನ್ನುತ್ತದೆ, ಇನ್ನೊಂದು ಕೈ ಕಾಳು ಹೆಚ್ಚು ಇಡಬೇಡ ಎಂದದ್ದೂ ಇದೆ. 2023ರ ಜೂನ್‌ನಲ್ಲಿ ಕೇಂದ್ರ ತೊಗರಿಗೆ ದಾಸ್ತಾನು ಮಿತಿ ಹೇರಿತು. ಮಿಲ್ಲುಗಳಿಗೆ ಮೂರು ತಿಂಗಳ ಉತ್ಪಾದನೆ ಅಥವಾ ವಾರ್ಷಿಕ ಸಾಮರ್ಥ್ಯದ ಶೇ 25, ಇವುಗಳಲ್ಲಿ ಯಾವುದು ಹೆಚ್ಚೋ ಅಷ್ಟು ಮಾತ್ರ ಇಡಬಹುದಿತ್ತು. ಪಟ್ಟಣದಲ್ಲಿ ಬೇಳೆ ತುಟ್ಟಿಯಾದರೆ ಕೂಗೇಳುತ್ತದೆ, ಅದು ನನಗೂ ಅರ್ಥವಾಗುತ್ತದೆ. ಆದರೆ ವರ್ಷಕ್ಕೊಂದೇ ಸುಗ್ಗಿ ಇರುವ ಬೆಳೆಗೆ ಕಟ್ಟಿದ ಮಿಲ್ ಉಳಿದ ತಿಂಗಳು ಏನನ್ನು ಒಡೆಯಬೇಕು?

ವಿಸ್ತರಣೆಗೆ ಅರ್ಜಿ ಹಾಕಿ ಎಂದು ಈಗ ಸಲಹೆ ಬರುತ್ತಿದೆ. ಇನ್ನೊಂದು ರೋಲರ್ ನನಗೆ ಬೇಡ. ಮಳೆಗಾಲದಲ್ಲಿ ಬಿಸಿಲಿಲ್ಲದೆ ಅಂಗಳ ಖಾಲಿ ಬೀಳುವುದರಿಂದ, ಹಾಕಿದರೆ ಡ್ರೈಯರಿಗೆ ಮಾತ್ರ ಹಾಕುತ್ತೇನೆ.